ಕನಮಡಿಯ ಬನ್ನಿ

ಜೂನ್ ೩, ೨೦೨೫

ಧಾರವಾಡದ ಸಂಶೋಧಕರಿಗೆ ನಮ್ಮ ಜಿಲ್ಲೆಯ ಹಳೆಯ ಬನ್ನಿ ಗಿಡಗಳ ಡಿಎನ್‌ಎ ಬೇಕಂತೆ. ಮಳೆ ಕೈಕೊಟ್ಟ ವರ್ಷವೂ ಈ ಗಿಡ ಹಸಿರಾಗಿಯೇ ಇರುತ್ತದಲ್ಲ, ಅದರ ಗುಟ್ಟು ಹುಡುಕುತ್ತಾರಂತೆ. ಹುಡುಕಲಿ. ನಮ್ಮ ಸಸ್ಯೋದ್ಯಾನ ಇರುವುದೇ ಅದಕ್ಕೆ. ಟಿಕೋಟಾ ರಸ್ತೆಯಲ್ಲಿ ಹೋಗುವವರು ಬೇಲಿಯಾಚೆ ಗಾಡಿ ನಿಲ್ಲಿಸಿ, "ಹೂವಿನ ಗಿಡಾ ಮಾರತೀರೇನ್ರಿ?" ಎಂದು ಕೇಳುತ್ತಾರೆ. ಮಾರುವುದಿಲ್ಲ, ಕಾಯುತ್ತೇವೆ. ಜೀವಂತ ಗಿಡ ಮಡಿಯಲ್ಲಿ, ಒಣಗಿಸಿದ ಟೊಂಗೆ ಹಾಳೆಯ ಮೇಲೆ, ಎಲೆಯೊಳಗಿನ ಡಿಎನ್‌ಎ ಹಿಮದಷ್ಟು ತಣ್ಣನೆಯ ಪೆಟ್ಟಿಗೆಯಲ್ಲಿ. ಊರಿನ ಗಿಡ ನಾಳೆ ಇಲ್ಲದೆ ಹೋದರೂ ಅದು ಎಂಥದಾಗಿತ್ತು ಎಂದು ಕೇಳಿದವರಿಗೆ ಹೇಳಲು ಬರಬೇಕು.

ಸಾರವಾಡದ ಬನ್ನಿ ಆಯಿತು. ಬಬಲೇಶ್ವರದ ಕಡೆಯವೂ ಆದವು. ನಕಾಶೆಯಲ್ಲಿ ಉಳಿದದ್ದು ಕನಮಡಿ.

"ಅಲ್ಲಿಗೆ ನೀನ ಹೋಗು ಗೀತಾ," ಎಂದಳು ಮೃಣಾಲ. ಪ್ರಯೋಗಾಲಯ ಅವಳದು, ಎಲೆ ತರುವ ಕೆಲಸ ನನ್ನದು. "ನಿಮ್ಮ ಮಂದಿ ಅದಾರಲ್ಲ ಆ ಊರಾಗ?"

"ಚಿಗವ್ವ ಅದಾಳ," ಎಂದೆ.

ಸುಳ್ಳಲ್ಲ. ಆದರೆ ಮನೆಗೆ ಬಂದ ಮೇಲೂ ಆ ಮಾತು ಬೆನ್ನು ಬಿಟ್ಟಿಲ್ಲ. ಇಲ್ಲಾದರೂ ನೆಟ್ಟಗೆ ಬರೆದುಬಿಡುತ್ತೇನೆ, ಓದುವವರು ಯಾರೂ ಇಲ್ಲ. ಕನಮಡಿಯ ಸಕ್ರವ್ವ ನನ್ನನ್ನು ಹೆತ್ತವಳು. ಅವಳ ಅಕ್ಕ ಗುರುಸಿದ್ದವ್ವ ನನ್ನನ್ನು ಸಾಕಿದವಳು. ನಾನು ಅವ್ವ ಎನ್ನುವುದು ಇವಳಿಗೆ. ಅವ್ವನಿಗೆ ಮಕ್ಕಳಾಗಲಿಲ್ಲ. ನಾನು ನಾಲ್ಕು ವರ್ಷದವಳಿದ್ದಾಗ ಸಕ್ರವ್ವ ತನ್ನ ಹೊಲದ ಬನ್ನಿ ಗಿಡದ ಕೆಳಗೆ ನನ್ನನ್ನು ಅಕ್ಕನ ಉಡಿಯಲ್ಲಿ ಕೂರಿಸಿ, "ಇನ್ನ ಇಕಿ ನಿನ್ನ ಮಗಳು. ನಾ ಕರಿಯಂಗಿಲ್ಲ, ನಾ ಕಳಸಂಗಿಲ್ಲ," ಎಂದಳಂತೆ. ಅಂದಿನಿಂದ ಅವಳು ನನಗೆ ಚಿಗವ್ವ.

ಆ ಮಾತನ್ನು ಅವಳು ಇವತ್ತಿನವರೆಗೂ ಮುರಿದಿಲ್ಲ. ಮದುವೆಗೋ ಮಣ್ಣಿಗೋ ನಾವಾಗಿ ಹೋದರೆ ಉಣ್ಣಲು ಹಾಕುತ್ತಾಳೆ. ಕರೆ ಮಾತ್ರ ಇಲ್ಲ. ನಾಗರ ಪಂಚಮಿ ಬಂತೆಂದರೆ ವಿಜಾಪುರದ ಜೋರಾಪುರ ಪೇಟೆಯ ನಮ್ಮ ಓಣಿಗೆ ಯಾರ್ಯಾರದೋ ಅಣ್ಣತಮ್ಮಂದಿರು ಬರುತ್ತಾರೆ, ಅಕ್ಕತಂಗಿಯರನ್ನು ತವರಿಗೆ ಕರೆದೊಯ್ಯುತ್ತಾರೆ. ನನ್ನ ಬಾಗಿಲಿಗೆ ಯಾರೂ ಬಂದವರಿಲ್ಲ. ನನ್ನ ಗಂಡ ಸುಭಾಷ ಈ ಮನೆಗೇ ಬಂದ ಅಳಿಯ, ಹಾಗಾಗಿ ನಾನು ತವರು ಬಿಟ್ಟು ಹೋದವಳೇ ಅಲ್ಲ. ಬಿಡದವಳನ್ನು ಯಾರು ಕರೆಯುತ್ತಾರೆ?

ಇರಲಿ. ಹೋಗುವುದು ಎಲೆಗೆ. ಒಂದು ಹಿಡಿ ಎಲೆ ತಂದರೆ ಮುಗಿಯಿತು.

ಜೂನ್ ೫

ಹೋಗಿ ಬಂದೆ.

ಚಿಗವ್ವ ಅಂಗಳದಲ್ಲಿ ನಿಂತಿದ್ದಳು. "ಬರ್ರಿ," ಎಂದಳು. ಹೆತ್ತ ಮಗಳಿಗೆ ಬರ್ರಿ! ನನಗೆ ರೂಢಿಯಾಗಿದೆ. ಚಾಪೆ ಸಾಕೆಂದರೂ ಕುರ್ಚಿ ತರಿಸಿದಳು. ನನಗೆ ಚಹಾ ಕಪ್ಪು ಬಸಿಯಲ್ಲಿ ಬಂತು, ಅವಳ ಮಗ ಅಮಸಿದ್ದನಿಗೆ ಸ್ಟೀಲ್ ಲೋಟದಲ್ಲಿ. ಅವನು ನಾನು ದತ್ತು ಹೋದ ಮೇಲೆ ಹುಟ್ಟಿದವನು. ಕುರಿ, ಹೊಲ ಎರಡೂ ಅವನದೇ ಉಸ್ತುವಾರಿ. ನನ್ನನ್ನು "ಅಕ್ಕಾರ" ಎನ್ನುತ್ತಾನೆ, ಅಂಗನವಾಡಿ ಟೀಚರನ್ನು ಮಾತಾಡಿಸಿದ ಹಾಗೆ.

ಬನ್ನಿ ಹೊಲದ ಬದುವಿನ ಮೇಲಿದೆ. ಸುತ್ತ ಎಲ್ಲಿ ನೋಡಿದರೂ ಬಿರುಕು ಬಿಟ್ಟ ಎರೆ ನೆಲ, ಗಿಡದ ತಲೆ ಮಾತ್ರ ಹಸಿರು. ಬುಡದ ಕಲ್ಲಿಗೆ, ಬೊಡ್ಡೆಗೆ ಅರಿಸಿನ ಕುಂಕುಮ. ನಾನು ಚೀಲದಿಂದ ಕೊಕ್ಕೆ ತೆಗೆದು ಟೊಂಗೆಗೆ ಚಾಚಿದೆ.

"ಬ್ಯಾಡ್ರಿ," ಎಂದಳು ಚಿಗವ್ವ. "ಈ ಗಿಡಕ್ಕ ಮನಿ ಹೆಣ್ಮಕ್ಕಳ ಬಿಟ್ರ ಯಾರೂ ಕೈ ಹಾಕಂಗಿಲ್ಲ. ನಾ ಹರದ ಕೊಡತೇನಿ."

ಕೊಕ್ಕೆ ಕೆಳಗಿಟ್ಟೆ. ನನ್ನನ್ನು ನೋಯಿಸಲೆಂದು ಆಡಿದ ಮಾತಲ್ಲ, ಅದು ಆ ಮನೆಯ ನೇಮ. ಆದರೂ ಬಿಸಿಲಿಗೆ ಕಣ್ಣುರಿಯುತ್ತದೆಂದು ಕನ್ನಡಕ ತೆಗೆದು ಒರೆಸಿಕೊಂಡೆ.

ಅವಳು ಮೊದಲು ಪೂಜೆ ಮಾಡಿದಳು, ಆಮೇಲೆ ಹರಿದಳು. ಬನ್ನಿಯ ಎಲೆ ಬಲು ಸಣ್ಣದು, ಒಂದೊಂದನ್ನೇ ಒರೆಸಲು ಆಗುವುದಿಲ್ಲ. ಒದ್ದೆ ಹತ್ತಿಯಿಂದ ಆದಷ್ಟು ಒರೆಸಿ, ಕಾಗದದ ಪಾಕೀಟಿಗೆ ಹಾಕಿ, ಅದನ್ನು ನೀಲಿ ಹರಳಿನ ಚೀಲದಲ್ಲಿ ಮುಚ್ಚಿದೆ. ಹರಳು ಎಲೆಯ ತೇವ ಹೀರುತ್ತ ಗುಲಾಬಿಗೆ ತಿರುಗುತ್ತದೆ. ಎಲೆ ಎಷ್ಟು ಬೇಗ ಒಣಗುತ್ತದೋ ಡಿಎನ್‌ಎ ಅಷ್ಟು ಚೆನ್ನಾಗಿ ಉಳಿಯುತ್ತದೆ. ಚಿಗವ್ವ ಇದನ್ನೆಲ್ಲ ಬಾಗಿ ನೋಡಿದಳು; ಆಮೇಲೆ ತಂಪು ಪೆಟ್ಟಿಗೆಯಲ್ಲಿ ಇಡುತ್ತೇವೆ ಎಂದೂ ಹೇಳಿದೆ. ಬೀಜಕ್ಕೆಂದು ಒಣ ಕಾಯಿಯನ್ನೂ ಕೊಟ್ಟಳು.

"ಮತ್ತ ಬರಬೇಕಾಗತೈತೇನ್ರಿ?"

"ಇಲ್ಲ, ಇಷ್ಟ ಸಾಕು."

"ಹೂಂ," ಎಂದಳು. ಅಷ್ಟರಲ್ಲಿ ಬಸ್ಸು ಬಂತು.

ಜೂನ್ ೬

ಅವ್ವ ಕೇಳಿದಳು, "ಸಕ್ರಿ ಹ್ಯಾಂಗದಾಳ?"

"ಛಲೋ ಅದಾಳ."

ಮುಂದೆ ಇಬ್ಬರೂ ಟಿವಿ ನೋಡಿದೆವು.

ಜೂನ್ ೨೦

ಮೃಣಾಲ ಇವತ್ತು ನನ್ನ ಮೇಜಿನವರೆಗೆ ನಡೆದುಬಂದಳು. ಅವಳು ಹಾಗೆ ಬಂದರೆ ಒಂದೋ ಹುಟ್ಟುಹಬ್ಬ, ಇಲ್ಲವೇ ಗಂಡಾಂತರ.

"ಗೀತಾ, ನಿನ್ನ ಕನಮಡಿ ಬನ್ನಿ ಗಿಡಾ ಅರಿಷಿಣ ಅಂತ ಬಂದೈತಿ ನೋಡು."

ಮೊದಲು ತಿಳಿಯಲಿಲ್ಲ. ಎಲೆಯನ್ನು ಅರೆದು, ಡಿಎನ್‌ಎ ತೆಗೆದು ಓದಿಸಿದರೆ ಬನ್ನಿಯ ಜೊತೆ ಅರಿಸಿನವೂ ಸಿಕ್ಕಿದೆ. ಜೊತೆ ಎಂದರೆ ಸಾಲದು, ಅರಿಸಿನದ್ದೇ ಜೋರು. ಎಲೆಗಳ ಸಂದಿಯಲ್ಲಿ ಪುಡಿ ಉಳಿದಿರಬೇಕು. ಆಫೀಸಿನಲ್ಲಿ ಎಲ್ಲರೂ ನಕ್ಕರು. ಒಬ್ಬರು, "ಪಲ್ಯಾಕ ಹಾಕೂದಾದ್ರ ಹೇಳ್ರಿ," ಎಂದರು. ನಾನೂ ನಕ್ಕೆ. ಸಾರವಾಡದ್ದು ಸರಿಯಾಗಿದೆ, ಬಬಲೇಶ್ವರದವೂ ಸರಿಯಾಗಿವೆ. ಕೆಟ್ಟದ್ದು ನನ್ನದೊಂದೇ.

"ಮತ್ತ ಹೋಗಿ ಬಾ," ಎಂದಳು ಮೃಣಾಲ.

ಬೇಸರದ ಕೆಲಸ. ಭಾನುವಾರವೇ ಹೋಗಿಬಿಡುತ್ತೇನೆ, ಎಳೆದಾಡುವುದು ಬೇಡ.

ಜೂನ್ ೨೨

ಬೆಳಗಿನ ಬಸ್ಸಿಗೇ ಹೋದೆ. ಅವ್ವ ಡಬ್ಬಿ ತುಂಬ ಶೇಂಗಾ ಹೋಳಿಗೆ ಕಟ್ಟಿಕೊಟ್ಟಿದ್ದಳು, "ಸಕ್ರಿಗಿ ಸೇರತಾವ" ಎಂದು. ಚಿಗವ್ವ ಒಂದನ್ನು ಮುರಿದು ಅರ್ಧ ನನಗೇ ಕೊಟ್ಟಳು.

ಅರಿಸಿನದ ಸಂಗತಿ ಹೇಳಿದೆ. ಅಮಸಿದ್ದ ಹೊಟ್ಟೆ ಹಿಡಿದುಕೊಂಡು ನಕ್ಕ. ಚಿಗವ್ವ ನಗಲಿಲ್ಲ, ಕೈ ತೊಳೆದುಕೊಂಡು ಬಂದಳು. "ಈ ಸಲ ಮೊದ್ಲ ಎಲಿ ಹರದ ಕೊಡತೇನಿ, ಆಮ್ಯಾಲ ಪೂಜಿ." ಹಾಗೆಯೇ ಮಾಡಿದಳು. ನಾನು ಜೋಳಿಗೆಯಿಂದ ಪಾಕೀಟು ತೆಗೆಯುವಾಗ ಅವಳು ಒಮ್ಮೆ ಬುಡದ ಕಡೆ ಬಾಗಿದ್ದಳೇನೋ. ಎಲೆ ಕೊಡುವಾಗ ಉಗುರಿನ ಸುತ್ತ ಹಳದಿ ಕಂಡಂತಾಯಿತು. ಹಳ್ಳಿಯ ಹೆಂಗಸಿನ ಕೈಯಲ್ಲಿ ಅರಿಸಿನವಿಲ್ಲದೆ ಏನಿರುತ್ತದೆ? ಒರೆಸಿ ಹಾಕಿಕೊಂಡೆ.

ಮಧ್ಯಾಹ್ನದ ಬಸ್ಸಿಗೆ ಬರಬಹುದಿತ್ತು. ರೊಟ್ಟಿ, ಪುಂಡಿಪಲ್ಯ ಹಾಕಿದಳು, ಕೂತೆ. ಗಿಡದ ನೆರಳಿನಲ್ಲಿ ಗಾಳಿ ಚೆನ್ನಾಗಿತ್ತು. ಅವಳು ಕೇಳಿದಳು, "ಆ ನಿಮ್ಮ ತಂಪ ಪೆಟಗ್ಯಾಗ ಇದು ಎಷ್ಟ ದಿವಸ ಇರತೈತ್ರಿ?"

"ದಿವಸ ಅಲ್ಲ, ವರ್ಷಗಟ್ಟಲೆ. ನಾವು ಹೋದ ಮ್ಯಾಲೂ ಇರತೈತಿ."

"ಅಷ್ಟ ವರ್ಷದ ಮ್ಯಾಲ ಯಾರರ ತಗದ ನೋಡಿದ್ರ, ಇದು ಕನಮಡಿ ಗಿಡಾ ಅಂತ ಗೊತ್ತಾಕ್ಕೈತೇನ್ರಿ?"

"ಗೊತ್ತಾಕ್ಕೈತಿ."

"ಯಾರ್ ಎಲ್ಲಿಗಿ ಒಯ್ದಿದ್ರೂ?"

"ಎಲ್ಲಿಗಿ ಒಯ್ದಿದ್ರೂ ಅದು ಬದಲಾಗಂಗಿಲ್ಲ."

ಅವಳು ಬೆರಳಿನಿಂದ ನೆಲ ಕೆದರತೊಡಗಿದಳು. ಅವಳ ಕಿರುಬೆರಳು ಒಳಕ್ಕೆ ಬಾಗಿದೆ, ನನ್ನದೂ ಹಾಗೇ ಇದೆ. ಇದು ಹೊಸ ಸಂಗತಿಯೇನಲ್ಲ, ಆದರೂ ಬರೆದಿಡುತ್ತೇನೆ.

ಜುಲೈ ೧

ಕನಮಡಿಯ ಬೀಜ ಮೊಳೆತಿವೆ! ಸಸಿಮನೆಯಲ್ಲಿ ಕಪ್ಪು ಚೀಲದೊಳಗೆ ಎರಡೆರಡೇ ಎಲೆ. ಇಂಥ ಸಸಿಯ ಹಲಗೆಗೆ ತಾಯಿ ಗಿಡದ ಊರು ಬರೆಯುವುದು ನಮ್ಮ ಪದ್ಧತಿ. ಬರೆದು, ನೀರು ಹಾಕಿ, ನಿಂತೇ ಇದ್ದೆನಂತೆ. ಮಾಲಿ ಶಿವಶರಣಪ್ಪ ಬಂದು, "ಬಾಯಾರ, ಅದಕ್ಕ ಆಗಲೇ ನೀರ ಹಾಕೇನ್ರಿ," ಎಂದ.

ಜುಲೈ ೮

ಮತ್ತೆ ಅರಿಸಿನ.

ಮೃಣಾಲ ಈ ಸಲ ನಗಲಿಲ್ಲ. ತಿಂಗಳ ಕೊನೆಗೆ ಎಲ್ಲ ಮಾದರಿಗಳನ್ನೂ ಧಾರವಾಡಕ್ಕೆ ಕಳಿಸಬೇಕು. ಇನ್ನೊಂದು ಸಲ ತಾ, ಅದೂ ಕೆಟ್ಟರೆ ಕನಮಡಿಯನ್ನು ಬಿಟ್ಟುಬಿಡುತ್ತೇನೆ ಎಂದಳು. "ನೀ ಹಿಂಗ ಕೆಲಸ ಮಾಡಾಕಿ ಅಲ್ಲಲ್ಲ ಗೀತಾ, ಏನಾಗೇತಿ ನಿನಗ?" ಎಂದೂ ಕೇಳಿದಳು.

ಅವಮಾನವಾಯಿತು ಎಂದು ಬರೆಯಲು ಕೂತೆ. ಬರೆಯುತ್ತಿದ್ದಂತೆ ಸುಭಾಷನಿಗೆ ಕನಮಡಿಯ ಬಸ್ಸು ಎಷ್ಟೊತ್ತಿಗೆ ಎಂದು ಕೂಗಿ ಕೇಳಿದ್ದೇನೆ.

ಜುಲೈ ೧೧

ಇದನ್ನು ಮೃಣಾಲಳಿಗೆ ಹೇಳುವ ಹಾಗಿಲ್ಲ. ಕನಮಡಿಗೆ ಹೋಗಿ, ಹೊಲಕ್ಕೆ ನಡೆದು, ಗಿಡದ ಕೆಳಗೆ ನಿಂತು ಚೀಲ ತೆರೆದರೆ ಹರಳಿನ ಪಾಕೀಟೇ ಇಲ್ಲ. ಮನೆಯ ಮೇಜಿನ ಮೇಲೆ ಬಿಟ್ಟಿದ್ದೆ. ಇಷ್ಟು ವರ್ಷದ ಕೆಲಸದಲ್ಲಿ ಇಂಥ ಎಡವಟ್ಟು ಮಾಡಿದವಳಲ್ಲ.

"ಹಂಗಾರ ನಾಡದ ಬರ್ರಿ," ಎಂದಳು ಚಿಗವ್ವ. ಬೈಯಲೂ ಇಲ್ಲ, ಕೇಳಲೂ ಇಲ್ಲ. ಸಂಜೆಯ ಬಸ್ಸಿನವರೆಗೆ ಶೇಂಗಾ ಸುಲಿದೆವು. ಈ ಸಲ ಚಹಾ ಸ್ಟೀಲ್ ಲೋಟದಲ್ಲಿ ಬಂತು. ಕಪ್ಪು ಒಡೆದಿರಬೇಕು.

ಜುಲೈ ೧೩

ಎಲೆ ತಂದೆ. ಅವಳು ಎತ್ತರದ ಟೊಂಗೆಯಿಂದ ಹರಿದು ಸೆರಗಿನಲ್ಲಿ ಹಾಕಿಕೊಂಡು ಬಂದು ಕೊಟ್ಟಳು.

ಬರೆಯಬೇಕಾದದ್ದು ಎಲೆಯ ಬಗ್ಗೆಯಲ್ಲ. ನನ್ನ ಕೂದಲಲ್ಲಿ ಒಂದು ಒಣ ಕಾಯಿ ಸಿಕ್ಕಿಕೊಂಡಿತ್ತಂತೆ. ಚಿಗವ್ವ ತೆಗೆಯಲು ಕೈ ಎತ್ತಿದಳು, ಎತ್ತಿದ ಕೈ ಅಲ್ಲೇ ನಿಲ್ಲಿಸಿ ಕೇಳಿದಳು, "ತಗೀಲೇನ್ರಿ?"

ತಲೆ ಬಾಗಿಸಿದೆ. ತೆಗೆದಳು.

ಬಸ್ಸಿನಲ್ಲಿ ಟಿಕೋಟಾದವರೆಗೂ ಅತ್ತೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಏನೂ ಕೇಳದೆ ಬಾಳೆಹಣ್ಣು ಕೊಟ್ಟಳು, ತಿಂದೆ.

ಜುಲೈ ೧೪

ಮೃಣಾಲ ಪಾಕೀಟು ತೆರೆದು ಮೂಗಿನ ಹತ್ತಿರ ಹಿಡಿದಳು. "ಇದಕ್ಕ ಯಂತ್ರ ಬ್ಯಾಡ, ಮೂಗ ಸಾಕು," ಎಂದು ನನ್ನ ಮುಂದಿಟ್ಟು ಹೋದಳು. ಒಳಗಿನ ಕಾಗದವೇ ಹಳದಿಯಾಗಿತ್ತು. ಹೇಗೆ ನೋಡದೆ ಮುಚ್ಚಿದೆನೋ. ಸಂಜೆ ಮತ್ತೆ ಬಂದು, ಕನಮಡಿಯನ್ನು ಕೈಬಿಡೋಣವೇ ಎಂದು ಕೇಳಿದಳು. ಬಿಡು ಎಂದೆ.

ಮನೆಗೆ ಬಂದಾಗ ಅವ್ವ ಪಂಚಮಿಯ ಉಂಡಿಗೆಂದು ಶೇಂಗಾ ಹುರಿಯುತ್ತಿದ್ದಳು. ನಡೆದದ್ದೆಲ್ಲ ಹೇಳಿದೆ, ಮೂರು ಸಲವೂ ಅರಿಸಿನ ಬಂತೆಂದು.

ಅವ್ವ ಸವಟು ನಿಲ್ಲಿಸಿದಳು. "ಎಲಿಗಿ?"

"ಹೂಂ, ಎಲಿಗಿ. ಪೂಜಿ ಮಾಡತಾಳಲ್ಲ."

"ಪೂಜಿ ಬೊಡ್ಡಿಗಿ ಮಾಡತಾರಬೇ. ಅರಿಷಿಣ ಬೊಡ್ಡಿಗಿ ಹಚ್ಚತಾರ, ಕಲ್ಲಿಗಿ ಹಚ್ಚತಾರ. ಎಲಿಗಿ ಯಾರ ಹಚ್ಚತಾರ?"

ಗೊತ್ತಿಲ್ಲ ಎಂದೆ. ಅವ್ವ ನನ್ನ ಮುಖ ನೋಡಿದಳು, ಆಮೇಲೆ ಬಾಣಲೆ ನೋಡಿದಳು. ಶೇಂಗಾ ಸೀದು ಹೋದವು. ಊಟ ಬೇಡವೆಂದು ಮಲಗಿದ್ದಾಳೆ.

ಜುಲೈ ೧೬

ಎಲೆಗೆ ಯಾರು ಹಚ್ಚುತ್ತಾರೆ?

ಎರಡು ದಿನದಿಂದ ಇದನ್ನೇ ತಿರುವಿಹಾಕುತ್ತಿದ್ದೇನೆ. ಅವಳು ಬೇಕೆಂದೇ ಹಚ್ಚಿದ್ದಾಳೆ. ನನ್ನ ಕೆಲಸ ಕೆಡಲೆಂದೇ? ಗಿಡ ಯಾರ ಪಾಲಿಗೂ ಹೋಗಬಾರದೆಂದೇ? ಹಾಗಿದ್ದರೆ ಬಾಯಿಬಿಟ್ಟು ಹೇಳಬಹುದಿತ್ತು. ಮೊದಲ ದಿನ "ಮತ್ತ ಬರಬೇಕಾಗತೈತೇನ್ರಿ" ಎಂದು ಕೇಳಿದ್ದಳು, ನಾನು ಇಲ್ಲ ಎಂದಿದ್ದೆ.

ಇಲ್ಲ, ಹಾಗೆ ಇರಲಾರದು. ನನಗೆ ಬೇಕಾದ ಹಾಗೆ ಅರ್ಥ ಮಾಡಿಕೊಳ್ಳುತ್ತಿದ್ದೇನೆ.

ಆದರೆ ಬೇಕಾದದ್ದು ಏನು ಎಂದಾದರೂ ಬರೆಯಲೇ? ನನಗೆ ಕರೆ ಬೇಕು. ಈ ವಯಸ್ಸಿಗೆ, ತಲೆ ಅರ್ಧ ಬೆಳ್ಳಗಾದ ಮೇಲೆ, ಯಾರಾದರೂ ನಮ್ಮ ಬಾಗಿಲಿಗೆ ಬಂದು "ನಡಿ ಊರಿಗೆ" ಎನ್ನಬೇಕು. ಎಲೆಯ ನೆಪ ಇಲ್ಲದೆ, ಚೀಲ ಇಲ್ಲದೆ ಹೋಗಬೇಕು. ಆ ಗಿಡಕ್ಕೆ ಕೈ ಹಾಕಿದರೆ ಬೇಡ ಎನ್ನಬಾರದು. ಅವ್ವ ನನಗೆ ಏನೂ ಕಡಿಮೆ ಮಾಡಿಲ್ಲ. ಅವಳು ಪಕ್ಕದ ಕೋಣೆಯಲ್ಲಿ ಕೆಮ್ಮುತ್ತಿದ್ದಾಳೆ, ನಾನು ಇಲ್ಲಿ ಇದನ್ನು ಬರೆಯುತ್ತಿದ್ದೇನೆ. ನಾಚಿಕೆಯಾಗುತ್ತದೆ, ಆದರೂ ಬೇಕು.

ಜುಲೈ ೨೨

ಎದುರು ಮನೆಯ ಮುದುಕವ್ವನ ಸೊಸೆಯನ್ನು ಕರೆದೊಯ್ಯಲು ಅವಳ ತಮ್ಮ ಬಂದಿದ್ದ. ಅವಳು ಗಾಡಿ ಹತ್ತುವಾಗ ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತಿದ್ದಳು, ಅಷ್ಟು ಅವಸರ. ನಾನು ಕಿಟಕಿ ಹಾಕಿಕೊಂಡೆ.

ಆಫೀಸಿನಲ್ಲಿ ಧಾರವಾಡದ ಪೆಟ್ಟಿಗೆ ಸಿದ್ಧವಾಗುತ್ತಿದೆ. ಕನಮಡಿಯ ಜಾಗ ಖಾಲಿ. ಮೃಣಾಲ ಆ ಜಾಗಕ್ಕೆ ಬೇರೆಯದನ್ನು ಇಟ್ಟಿಲ್ಲ. ಗಾಡಿ ಹೊರಡುವುದು ತಿಂಗಳ ಕೊನೆಯ ದಿನ ಎಂದು ಎರಡು ಸಲ ಹೇಳಿದಳು, ನನ್ನ ಕಡೆ ನೋಡದೆ.

ಜುಲೈ ೨೫

ಅವ್ವ ಸುಭಾಷನ ಫೋನು ಇಸಿದುಕೊಂಡು ದೇವರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಹಳ ಹೊತ್ತು ಮಾತಾಡಿದಳು. ಯಾರಿಗೆ ಎಂದರೆ, "ನಿನಗ ಯಾಕಬೇ ಅದೆಲ್ಲ?" ಎಂದು ಗದರಿದಳು. ಕಣ್ಣು ಕೆಂಪಾಗಿತ್ತು. ಸುಭಾಷನಿಗೆ ಗೊತ್ತಿದೆ, ಹೇಳುತ್ತಿಲ್ಲ. ಮನೆ ಅಳಿಯ ಅತ್ತೆಯ ಪಾರ್ಟಿ.

ಜುಲೈ ೨೭

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಹೇಗಾದರೂ ಬರಲಿ.

ಬೆಳಿಗ್ಗೆ ಬಾಗಿಲು ಬಡಿದರು. ತೆರೆದರೆ ಅಮಸಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ತಲೆಗೆ ಎಣ್ಣೆ, ಕೈಯಲ್ಲಿ ಚೀಲ. ಏನಾದರೂ ಕೆಟ್ಟ ಸುದ್ದಿಯೇ ಎಂದುಕೊಂಡೆ.

"ಪ್ಯಾಟ್ಯಾಗ ಏನರ ಕೆಲಸ ಇತ್ತೇನಪಾ?"

"ಇಲ್ಲಕ್ಕಾ. ನಿನ್ನ ಕರಕೊಂಡ ಹೋಗಾಕ ಬಂದೇನಿ. ಪಂಚಮಿ ಐತಲ್ಲ."

ಅಕ್ಕಾರ ಅಲ್ಲ, ಅಕ್ಕಾ. ನಾನು ಬಾಗಿಲು ಹಿಡಿದು ನಿಂತೆ. ಒಳಗೆ ಬಾ ಎನ್ನಲೂ ಮರೆತೆ. ಅಡುಗೆಮನೆಯ ಹೊಸ್ತಿಲಲ್ಲಿ ಅವ್ವ ನಿಂತಿದ್ದಳು, ಉಂಡಿಯ ಡಬ್ಬಿ ಕಟ್ಟಿ ಸಿದ್ಧವಾಗಿತ್ತು.

"ನಾನ ಹೇಳಿ ಕರಿಸೇನಿ," ಎಂದಳು. "ಸಕ್ರಿ ಕೊಟ್ಟ ಮಾತ ಮುರದಿಲ್ಲ. ಮೂರ ಸಲ ಎಲಿಗಿ ಅರಿಷಿಣ ಹಚ್ಚಿ ನಿನ್ನ ಹೊಳ್ಳಿ ಬರೂಹಂಗ ಮಾಡ್ಯಾಳ, ಆದ್ರ ಬಾ ಅಂತ ಬಾಯಿಲೆ ಅಂದಿಲ್ಲ. ಅಂಥಾ ಹಟದಾಕಿ ಅಕಿ."

ನಾನು ಬಾಗಿಲ ಹತ್ತಿರವೇ ಕೂತೆ. ಅವ್ವ ಮುಂದುವರಿಸಿದಳು.

"ಆ ಮಾತ ಅಕಿ ತಾನಾಗಿ ಕೊಟ್ಟಿದ್ದಲ್ಲ. ನಾನ ಕೇಳಿ ತಗೊಂಡಿದ್ದೆ. ಒಮ್ಮಿ ಪಂಚಮಿಗಿ ಕಳಿಸಿದ್ರ ನೀ ಹೊಳ್ಳಿ ಬರತಿದ್ದೇನು, ನಾಕ ವರ್ಷದ ಕೂಸು? ಅದ ಅಂಜಿಕಿ ನನಗ. ಆಮ್ಯಾಲ ನೀ ದೊಡ್ಡಾಕಿ ಆದಿ, ನನ್ನ ಅಂಜಿಕಿ ಸಣ್ಣದಾಗಲೇ ಇಲ್ಲ. ಮಾತ ತಗೊಂಡಾಕಿ ನಾನು, ಬಿಡಾಕಿನೂ ನಾನ. ಹೋಗಿ ಬಾ."

"ಬಂದ ಬರತೇನಿ ಅವ್ವಾ," ಎಂದೆ.

"ಬರತಿ ಅಂತ ಗೊತ್ತಾಗೇನ ಕಳಸಾಕತ್ತೇನಿ," ಎಂದು ಮೂಗು ಒರೆಸಿಕೊಂಡು ಒಳಗೆ ಹೋದಳು. ಅಮಸಿದ್ದ ಉಪ್ಪಿಟ್ಟು ತಿನ್ನುತ್ತಿದ್ದಾನೆ. ನಾನು ಸೀರೆ ಮಡಚುವುದು ಬಿಟ್ಟು ಇದನ್ನು ಬರೆಯುತ್ತಿದ್ದೇನೆ. ಹೊರಡಬೇಕು.

ಜುಲೈ ೩೦

ಇವತ್ತು ಸಂಜೆ ಬಂದೆ. ಮೂರು ದಿನ ಏನನ್ನೂ ಬರೆಯಲಿಲ್ಲ, ಬರೆಯಬೇಕೆಂದು ನೆನಪೂ ಆಗಲಿಲ್ಲ.

ಅಮಸಿದ್ದನ ಬೈಕು ಅಂಗಳಕ್ಕೆ ಹೋಗಿ ನಿಂತಾಗ ಅವಳು ಹೊರಗೆ ಬಂದಳು. ಬರ್ರಿ ಎನ್ನುತ್ತಾಳೇನೋ ಎಂದು ನಾನು ಇಳಿಯದೆ ಕೂತೇ ಇದ್ದೆ. ಅವಳು ಸೆರಗು ಸರಿಮಾಡಿಕೊಂಡಳು. ಆಮೇಲೆ, "ಬಾ," ಎಂದಳು. ಅಷ್ಟೇ. ಕೈಕಾಲಿಗೆ ನೀರು ಕೊಟ್ಟಳು. ಕುರ್ಚಿ ಬರಲಿಲ್ಲ.

ಹಾಲೆರೆದೆವು, ಉಂಡಿ ತಿಂದೆವು. ಬೇವಿನ ಗಿಡಕ್ಕೆ ಅಮಸಿದ್ದ ಜೋಕಾಲಿ ಕಟ್ಟಿದ್ದ. ಓಣಿಯ ಹುಡುಗಿಯರ ಮುಂದೆ ನಾನೂ ಜೀಕಿದೆ, ಹಗ್ಗ ಕಿರುಗುಟ್ಟಿತು, ಎಲ್ಲರೂ ನಕ್ಕರು. ಪಕ್ಕದ ಮನೆಯ ಮುದುಕಿ ಬಂದು, "ಯಾರಬೇ ಇಕಿ?" ಎಂದು ಕೇಳಿದಳು. ಒಲೆಯ ಮುಂದೆ ಕೂತಿದ್ದ ನನ್ನ ಹೆತ್ತವಳು ತಲೆ ಎತ್ತದೆ, "ನಮ್ಮ ಹಿರೇ ಮಗಳು, ವಿಜಾಪುರದಾಗ ಇರತಾಳ," ಎಂದಳು.

ನಾನು ಜೋಕಾಲಿಯಿಂದ ಇಳಿದು ಹಿತ್ತಿಲಿಗೆ ಹೋಗಿ ಸ್ವಲ್ಪ ಹೊತ್ತು ಕುರಿಗಳ ಜೊತೆ ನಿಂತೆ.

ಇವತ್ತು ಹೊರಡುವ ಮುಂಚೆ ಕನಮಡಿಯ ಅವ್ವ ಹೊಲಕ್ಕೆ ಕರೆದೊಯ್ದಳು. ಬುಡಕ್ಕೆ ಅರಿಸಿನ ಹಚ್ಚಿದಳು, ಬೊಡ್ಡೆಗೆ ಹಚ್ಚಿದಳು. ಉಳಿದದ್ದನ್ನು ನನ್ನ ಎರಡೂ ಕೆನ್ನೆಗೆ ಹಚ್ಚಿ ಕೈ ತೊಳೆದುಕೊಂಡಳು. ಆಮೇಲೆ ಹಿಂದೆ ಸರಿದು ನಿಂತಳು.

"ಹರಕೋ," ಎಂದಳು.

"ನೀನ ಹರದ ಕೊಡು."

"ನಾ ಯಾಕ ಕೊಡ್ಲಿ? ಮನಿ ಮಗಳಿಗಿ ಯಾರ ಹರದ ಕೊಡತಾರ? ನೀನ ಕೈ ಹಾಕು."

ಕೈ ಹಾಕಿದೆ. ಬನ್ನಿಗೆ ಮುಳ್ಳಿದೆ, ಬೆರಳಿಗೆ ಚುಚ್ಚಿತು. ಕೈ ಹಿಂದೆಗೆಯಲಿಲ್ಲ. ಮೇಲಿನ ಟೊಂಗೆಯಿಂದ ಒಂದು ಎಳೆಯ ರೆಂಬೆ ಮುರಿದುಕೊಂಡೆ. ಚೊಕ್ಕ ಹಸಿರು, ಹಳದಿಯ ಸುಳಿವಿಲ್ಲ.

ಮುರಿದ ಮೇಲೆ ನೆನಪಾಯಿತು: ಪಾಕೀಟು ಇಲ್ಲ, ಹರಳು ಇಲ್ಲ, ಚೀಲವೇ ತಂದಿಲ್ಲ. ತವರಿಗೆ ಹೋಗುವಾಗ ಯಾರು ತರುತ್ತಾರೆ? ರೆಂಬೆಯನ್ನು ತೊಳೆದು ಒರೆಸಿ, ಅಮಸಿದ್ದನ ಹತ್ತಿರವಿದ್ದ ಹೊಸ ಕರವಸ್ತ್ರದಲ್ಲಿ ಸುತ್ತಿಕೊಂಡೆ. ಅವ್ವ ಉಡಿ ತುಂಬಿದಳು. ಬಸ್ಸು ಹೊರಟಾಗ, ಮುಂದಿನ ಪಂಚಮಿ ದೂರವಾಯಿತು, ದಸರಾಕ್ಕೆ ಬಂದುಬಿಡು ಎಂದು ಕಿಟಕಿಯ ಹೊರಗಿನಿಂದ ಕೂಗಿದಳು. ಟಿಕೋಟಾದವರೆಗೂ ಕೆನ್ನೆಯ ಅರಿಸಿನ ಒರೆಸಲಿಲ್ಲ.

ಪೇಟೆಯ ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ಇದ್ದಳು, ಎಷ್ಟು ಹೊತ್ತಿನಿಂದಲೋ. ನನ್ನ ಕೆನ್ನೆ ನೋಡಿದಳು. ನನ್ನ ಕೈಯಿಂದ ಕರವಸ್ತ್ರ ತೆಗೆದುಕೊಂಡು ಬಿಚ್ಚಿದಳು.

"ಇದು ಬಾಡಿ ಹೋಗತೈತಲ್ಲಬೇ. ಆ ನಿನ್ನ ನೀಲಿ ಹರಳು ಎಲ್ಲಿ?"

"ಆಫೀಸಿನ್ಯಾಗ. ಮುಂಜಾನಿ ತನಕ ಏನೂ ಮಾಡಾಕ ಬರೂದಿಲ್ಲ."

ಅವ್ವ ಯೋಚಿಸಿದಳು. ಆಮೇಲೆ ರೆಂಬೆಯನ್ನು ತೆಳ್ಳನೆಯ ಅರಿವೆಯಲ್ಲಿ ಸಡಿಲವಾಗಿ ಕಟ್ಟಿ, ಅಡುಗೆಮನೆಗೆ ಹೋಗಿ, ಅಕ್ಕಿಯ ಡಬ್ಬಿಯಲ್ಲಿ ಆಳಕ್ಕೆ ಹುಗಿದು ಮುಚ್ಚಳ ಹಾಕಿದಳು. ಸುಭಾಷನ ಫೋನು ನೀರಿಗೆ ಬಿದ್ದಾಗಲೂ ಹೀಗೆಯೇ ಮಾಡಿದ್ದಳು. "ತೇವ ಎಲ್ಲಾ ಅಕ್ಕಿ ಹೀರತೈತಿ. ನಾ ನೋಡಕೋತೇನಿ, ನೀ ಉಣ್ಣು," ಎಂದಳು. ಆಗಿನಿಂದ ಡಬ್ಬಿಯನ್ನು ಎರಡು ಸಲ ತೆರೆದು ನೋಡಿದ್ದಾಳೆ, ಸೊಪ್ಪು ಒಣಗುತ್ತಿದೆಯಂತೆ.

ಅರಿಸಿನಕ್ಕೇ ಇಷ್ಟು ಮಾಡಿದ ಮೃಣಾಲ ಅಕ್ಕಿಯ ಡಬ್ಬಿ ಎಂದರೆ ಕುರ್ಚಿಯಿಂದ ಬೀಳುತ್ತಾಳೆ. ನಾಳೆ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಅವಳ ಮೇಜಿನ ಮೇಲೆ ಇಡುತ್ತೇನೆ. ಈ ಸಲ ಕನಮಡಿಯ ಬನ್ನಿ ಅಕ್ಕಿ ಎಂದು ಬಂದರೂ ಬರಲಿ.